ಬಾಗಿಲಲ್ಲಿ ಮಾತ್ರ ಸಿಗುವ ವಾಸನೆ

ತೊಂಬತ್ತರ ದಶಕದ ಮೊದಲಿಗೆ ನಾನು ಮದುವೆಯಾಗಿ ತಿ. ನರಸೀಪುರಕ್ಕೆ ಬಂದೆ. ಹೊಸಿಲು ದಾಟುವ ಮೊದಲೇ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಮನೆಯ ಹಿಂದೆ ಶೀಟು ಹೊದಿಸಿದ ಕೊಠಡಿಯಲ್ಲಿ ನನ್ನ ಯಜಮಾನರು ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದರು. ಗೂಡಿನೊಳಗೆ ಬೆಂದ ಹುಳುವಿನ ವಾಸನೆ ಗೋಡೆಗೆ, ಕಂಬಳಿಗೆ, ಅವರ ಕೂದಲಿಗೆ, ಎಲ್ಲಕ್ಕೂ ಹತ್ತಿತ್ತು. ಒಣಮೀನಿಗೂ ಹಳಸಿದ ಬೆಣ್ಣೆಗೂ ನಡುವಿನ ವಾಸನೆ ಅದು.

"ಒಂದ್ವಾರ ತಡ್ಕೊ ಕಣಮ್ಮಿ. ಆಮೇಲೆ ಉಡುಕುದ್ರೂ ಸಿಕ್ಕಲ್ಲ," ಅಂದರು.

ಎಂಟನೆಯ ದಿನ ನಿಜವಾಗಿಯೂ ಸಿಗಲಿಲ್ಲ. ವಾಸನೆ ಇದ್ದಲ್ಲೇ ಇತ್ತು. ಮೂಗು ಅದನ್ನು ಗಮನಿಸುವುದನ್ನು ಬಿಟ್ಟಿತ್ತು.

ನನ್ನ ತವರು ನಂಜನಗೂಡು. ಹಬ್ಬಕ್ಕೆ ಹೋಗಿ ನಾಲ್ಕು ದಿನ ಇದ್ದು ವಾಪಸ್ ಬಂದರೆ ಬಾಗಿಲಲ್ಲೇ ಮತ್ತೆ ಮುಖಕ್ಕೆ ಹೊಡೆಯುತ್ತಿತ್ತು. ಸೆರಗು ತಾನಾಗಿ ಮೂಗಿಗೆ ಹೋಗುತ್ತಿತ್ತು. ಅವರು ಒಳಗಿನಿಂದಲೇ ಕೂಗುತ್ತಿದ್ದರು: "ಬಂದ್ರಪ್ಪಾ ನಂಜನಗೂಡ್ನ ಮಾರಾಣಿ! ಮೂಗ್ ಬುಡಮ್ಮಿ, ಉಸ್ರುಗಟ್ಟಿ ಸತ್ತೋದೀಯೆ!" ಕೈಕಾಲು ತೊಳೆದು ಕಾಫಿ ಕುಡಿಯುವ ಹೊತ್ತಿಗೆ ವಾಸನೆ ಮಾಯ. ಬಸ್ಸಿನಲ್ಲಿ ನಮ್ಮ ಪಕ್ಕ ಕೂತವರು ಎದ್ದು ಬೇರೆ ಸೀಟಿಗೆ ಹೋದಾಗ, "ಕಾಲ್ ಚಾಚ್ಕೊ, ಜಾಗ ಆಯ್ತು," ಎಂದು ಪಿಸುಗುಟ್ಟುತ್ತಿದ್ದರು. ನನಗೆ ನಾಚಿಕೆ, ಅವರಿಗೆ ನಗು.

ಹನ್ನೆರಡು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಒಲೆಗೆ ಸೌದೆ ಇಡುತ್ತಾ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಹನ್ನೊಂದನೆಯ ದಿನ ಹೋದವರ ಬಟ್ಟೆಗಳನ್ನು ಹೊಳೆಗೆ ಬಿಡುವುದು ಅವರ ಮನೆಯ ರೂಢಿ. ನಾದಿನಿ ಎಲ್ಲವನ್ನೂ ಗಂಟು ಕಟ್ಟಿದಳು. "ಒಂದ್ನೂ ಮಡಿಕಬ್ಯಾಡಿ ಅತ್ಗೆ, ಅಣ್ಣನ್ ಜೀವ ಇಲ್ಲೇ ಸುತ್ತಾಡ್ತದೆ," ಅಂದಳು. ಅಷ್ಟರಲ್ಲಿ ನಾನು ಕೆಲಸದ ಅಂಗಿಯೊಂದನ್ನು ಟ್ರಂಕಿನ ತಳದಲ್ಲಿ ಅಡಗಿಸಿದ್ದೆ. ಅವರ ವಾಸನೆಯಾದರೂ ಉಳಿಯಲಿ ಎಂಬ ಆಸೆ.

ದಿನಾ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅದನ್ನು ತೆಗೆದು ಮುಖಕ್ಕೆ ಒತ್ತಿಕೊಳ್ಳುತ್ತಿದ್ದೆ. ಬಟ್ಟೆಯ ಒರಟು ತಿಳಿಯುತ್ತಿತ್ತು, ಕಾಲರಿನ ಜಿಡ್ಡು ತಿಳಿಯುತ್ತಿತ್ತು. ವಾಸನೆ ಮಾತ್ರ ಇಲ್ಲ. ಒಂದು ತಿಂಗಳು ಹುಡುಕಿದೆ. ಅಂಗಿಯಿಂದಲೂ ಹೊರಟುಹೋದರು ಅಂದುಕೊಂಡೆ. ನಂಜನಗೂಡಿಗೆ ಹೊರಡುವ ದಿನ ಬೆಳಿಗ್ಗೆ, ಇನ್ನು ಈ ಕೊಳೆ ಬಟ್ಟೆ ಇಟ್ಟುಕೊಂಡು ಏನು ಮಾಡಲಿ ಎಂದು ಸೋಪು ಹಚ್ಚಿ, ಕಲ್ಲಿನ ಮೇಲೆ ಚೆನ್ನಾಗಿ ಉಜ್ಜಿ ಒಗೆದು ಒಣಹಾಕಿದೆ.

ಸಂಜೆ ತವರಿನ ಬಾಗಿಲಲ್ಲಿ ಅವ್ವ ನನ್ನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ನಿನ್ ಮೈಯೆಲ್ಲ ಇನ್ನೂ ಅಳಿಯಂದ್ರ ವಾಸ್ನೆನೇ ಕಣವ್ವ. ಗೂಡಿನ್ ವಾಸ್ನೆ, ಅಂಗೇ ಅದೆ," ಅಂದಳು.

"ಎಲ್ಲಿ? ಎಲ್ಲವ್ವಾ?"

"ಸೀರೇಲಿ, ತಲೇಲಿ. ನಿಂಗ್ ಗೊತ್ತಾಗಲ್ವಾ?"

ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಏನೂ ಇಲ್ಲ. ಆಗ ತಿಳಿಯಿತು. ಆ ಅಂಗಿಯಲ್ಲಿ ಅವರು ಪೂರ್ತಿ ಇದ್ದರು. ನಾನೇ ಒಗೆದು ಬಂದಿದ್ದೆ.

ಮೂರು ವಾರ ಬಿಟ್ಟು ನರಸೀಪುರಕ್ಕೆ ವಾಪಸ್ ಬಂದೆ. ಬೀಗ ತೆಗೆದು ಬಾಗಿಲು ತಳ್ಳಿದ ಕೂಡಲೇ ಗೋಡೆಯಿಂದ, ಕಂಬಳಿಯಿಂದ ಅವರ ವಾಸನೆ ಎದುರಿಗೆ ಬಂತು. ಸೆರಗು ಅಭ್ಯಾಸದಂತೆ ಮೂಗಿನ ಹತ್ತಿರ ಹೋಗಿ ನಿಂತಿತು. ಒಳಗಿನಿಂದ ಯಾರೂ ಕೂಗಲಿಲ್ಲ. ಅಲ್ಲೇ ನಿಂತು ಆಸೆಬುರುಕಿಯಂತೆ ಉಸಿರು ಎಳೆದುಕೊಂಡೆ. ಎಳೆದಷ್ಟೂ ಬೇಗ ಕರಗಿತು. ಕಾಲು ಗಂಟೆಯಲ್ಲಿ ಮನೆ ಬರಿದಾಯಿತು.

ಅಂದಿನಿಂದ ಆಗಾಗ ತವರಿಗೆ ಹೋಗಿ ವಾರಗಟ್ಟಲೆ ಇದ್ದು ಬರುತ್ತೇನೆ. ಅವ್ವನನ್ನು ನೋಡಲು ಎಂದು ಎಲ್ಲರೂ ತಿಳಿದಿದ್ದಾರೆ. "ಕೀ ಕೊಟ್ಟೋಗವ್ವ, ಕಿಟ್ಕಿನಾದ್ರೂ ತಗ್ದಿರ್ತೀನಿ. ಮುಗ್ಗಲು ಇಡೀತದೆ," ಅನ್ನುತ್ತಾಳೆ ಪಕ್ಕದ ಮನೆಯಾಕೆ. ಕೊಡುವುದಿಲ್ಲ.

ಹಿಂದಿನ ಕೊಠಡಿಯ ಒಲೆ ಮತ್ತೆ ಹೊತ್ತಿಲ್ಲ. ಪ್ರತಿ ಸಲವೂ ವಾಸನೆ ಇನ್ನಷ್ಟು ತೆಳುವಾಗಿರುತ್ತದೆ. ಹೋದ ಸಲ ಬಾಗಿಲು ತೆರೆದು ಒಂದೇ ಒಂದು ಉಸಿರು ತೆಗೆದುಕೊಂಡೆ. ಇದ್ದರು. ಎರಡನೆಯದನ್ನು ತೆಗೆದುಕೊಳ್ಳದೆ ಬಾಗಿಲು ಎಳೆದುಕೊಂಡು, ಬ್ಯಾಗು ಪಕ್ಕದಲ್ಲಿಟ್ಟು ಜಗಲಿಯ ಮೇಲೆ ಕೂತೆ. ಬಾಯಾರಿಕೆಯಾಗಿತ್ತು. ಆದರೂ ಹೊತ್ತು ಮುಳುಗುವವರೆಗೆ ಒಳಗೆ ಹೋಗಲಿಲ್ಲ.