ಟೀವಿಗೆ ಬೆನ್ನು ಹಾಕಿ ಕೂರುತ್ತಿದ್ದ ಅತ್ತೆ

ಮೊನ್ನೆ ಭಾನುವಾರ ಸಂಜೆ ನಾನು, ನನ್ನ ಹೆಂಡತಿ, ನೆಗಡಿ ಹಿಡಿದಿದ್ದ ಸೊಸೆ, ಜೊತೆಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದು ಕೂತೇಬಿಟ್ಟಿದ್ದ ಪಕ್ಕದ ಮನೆಯಾಕೆ, ಇಷ್ಟು ಜನ ಟೀವಿಯ ಮುಂದಿದ್ದೆವು. ಹಾಡಿನ ಸ್ಪರ್ಧೆ ನಡೆಯುತ್ತಿತ್ತು. ಸೊಸೆ ನೀಲಗಿರಿ ಎಣ್ಣೆಯ ಸೀಸೆ ತೆಗೆದು ಕರವಸ್ತ್ರಕ್ಕೆ ನಾಲ್ಕು ಹನಿ ಹಾಕಿಕೊಂಡಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಹಾಡು ನನ್ನ ಕಿವಿಗೆ ಬೀಳುವುದು ನಿಂತಿತು. ಎದುರುಮನೆ ಅತ್ತೆ ನೆನಪಾದರು...

ಅತ್ತೆ ಎಂದರೆ ನಮಗೆ ನೆಂಟರೇನಲ್ಲ, ಊರಿಗೆಲ್ಲ ಅತ್ತೆ. ತವರು ಮಾಲೂರು. ಮದುವೆಯಾಗುವ ತನಕ ಅಲ್ಲಿ ಪಿಟೀಲು ಕಲಿತಿದ್ದರಂತೆ. ಕ್ಯಾಲನೂರಿನ ಕಡೆಯ ನಮ್ಮೂರಿಗೆ ಸೊಸೆಯಾಗಿ ಬಂದು ಹಿಪ್ಪುನೇರಳೆ ಸೊಪ್ಪು ಕೊಯ್ದರು, ರೇಷ್ಮೆ ಹುಳ ಸಾಕಿದರು. ಪಿಟೀಲು ಅಟ್ಟ ಸೇರಿತು, ಕಿವಿ ಮಾತ್ರ ಅಟ್ಟ ಸೇರಲಿಲ್ಲ. ಕೋಲಾರದ ರಾಮನವಮಿ ಕಚೇರಿಗಳ ಬಗ್ಗೆ ಅಲ್ಲಿನದೇ ಒಂದು ಸಣ್ಣ ದಿನಪತ್ರಿಕೆಗೆ ಬರೆಯಲು ಶುರುಮಾಡಿದವರು, ಬರಬರುತ್ತಾ ಟೀವಿಯನ್ನೂ ಹಿಡಿದುಕೊಂಡರು. ಇದೇನತ್ತೆ, ಸೀರಿಯಲ್ಲಿಗೂ ವಿಮರ್ಶೆಯೇ ಎಂದು ನಾನು ನಕ್ಕರೆ, "ಮನೆಮನೇಲೂ ದಿನಾ ಕಚೇರಿ ಮಾಡೋ ಪೆಟ್ಟಿಗೆ ಕಣೋ ಅದು. ತಪ್ಪಾದ್ರೆ ಹೇಳೋರು ಒಬ್ರಾದ್ರೂ ಬೇಡ್ವಾ?" ಅನ್ನುತ್ತಿದ್ದರು.

ಅವರು ಟೀವಿ 'ನೋಡುವ' ಚಂದವನ್ನು ನೀವು ನೋಡಬೇಕಿತ್ತು. ಕಣತಲೆಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡು, ಕುರ್ಚಿಯನ್ನು ತಿರುಗಿಸಿ, ಟೀವಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಮುಖ ನೋಡಿದರೆ ಕಿವಿ ಮೋಸ ಹೋಗುತ್ತದೆ ಎಂಬುದು ಅವರ ವಾದ. ಒಂದು ಧಾರಾವಾಹಿಯ ಬಗ್ಗೆ ಬರೆದಿದ್ದರು: ಸೊಸೆ ಕಾಫಿ ತಂದರೂ ಗುಡುಗು, ಅತ್ತೆ ಕಾಫಿ ಕುಡಿದರೂ ಗುಡುಗು, ಇಷ್ಟು ಗುಡುಗಿಗೆ ನಮ್ಮ ಕೆರೆ ಯಾವಾಗಲೋ ಕೋಡಿ ಬೀಳಬೇಕಿತ್ತು! ಓದಿದವರೆಲ್ಲ ಬಿದ್ದು ಬಿದ್ದು ನಕ್ಕರು.

ಆ ನಗು ನಿಂತದ್ದು ಶ್ರೀನಿವಾಸಪುರದ ಹುಡುಗಿಯೊಬ್ಬಳು ಟೀವಿಯ ಹಾಡಿನ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೆ ಹತ್ತಿರವಾದಾಗ. ಅವಳಪ್ಪ ಮಾವಿನ ಮಂಡಿಯಲ್ಲಿ ಲಾರಿಗೆ ಕ್ರೇಟು ಹೊರುವವರು. ಮುಳಬಾಗಿಲಿನಿಂದ ಮಾಲೂರಿನ ತನಕ ಜನ ಊಟ ಬಿಟ್ಟು ಫೋನಿನಲ್ಲಿ ವೋಟು ಒತ್ತುತ್ತಿದ್ದರು. ಒಂದು ಸಂಜೆ ಟೀವಿಯವರು ಆ ಅಪ್ಪನನ್ನೇ ವೇದಿಕೆಗೆ ಕರೆಸಿ, ಕ್ರೇಟು ಹೊತ್ತು ಹೆಗಲ ಮೇಲೆ ಜಡ್ಡುಗಟ್ಟಿದ್ದ ಚರ್ಮ ತೋರಿಸಲು ಹೇಳಿದರು. ಅಪ್ಪ ಅತ್ತರು, ಮಗಳು ಅತ್ತಳು, ಅಳುತ್ತಲೇ ಹಾಡಿದಳು. ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾವೂ ಕಣ್ಣೊರೆಸಿಕೊಂಡೆವು.

ಅತ್ತೆ ಬರೆದರು: "ಈ ಹುಡುಗಿ ಹಾಡಬಲ್ಲಳು. ನಿನ್ನೆ ಅವಳನ್ನು ಹಾಡಲು ಬಿಡಲಿಲ್ಲ. ಬಿಗಿದ ಗಂಟಲಿನಲ್ಲಿ ಹಾಡಿಸಿದರು, ಕೊನೆಯ ತನಕ ಶ್ರುತಿ ಸೇರಲಿಲ್ಲ. ಚಪ್ಪಾಳೆ ಬಿದ್ದದ್ದು ಕಣ್ಣೀರಿಗೆ. ಅವಳ ಮೇಲೆ ಪ್ರೀತಿ ಇದ್ದವರು ಇದನ್ನು ಅವಳಿಗೆ ಹೇಳಬೇಕು."

ಹೇಳಿದ್ದು ಇವರೊಬ್ಬರೇ. ಊರು ಕೆಂಡವಾಯಿತು. ನಾನು ಆಗ ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಿಗ್ಗೆ ಹಾಲು ಹಾಕಲು ಬಂದ ಅತ್ತೆಯನ್ನು ಸಾಲಿನಲ್ಲಿದ್ದವರು ಸುತ್ತಿಕೊಂಡರು. "ಮನ ಪಿಲ್ಲ ಕದತ್ತಾ! ನಮ್ಮ ಹುಡುಗಿ ಅಲ್ವಾ ಅವ್ಳು?"

"ನಮ್ಮ ಹುಡುಗಿ ಅಂತಲೇ ಹೇಳ್ದೆ ಕಣ್ರೋ. ಬೇರೆಯೋರ ಮಗಳಾಗಿದ್ರೆ ನಂಗೇನು?"

ಎರಡು ದಿನ ಬಿಟ್ಟು ಪತ್ರಿಕೆಯ ಸಂಪಾದಕರೇ ಸ್ಕೂಟರಿನಲ್ಲಿ ಬಂದರು. ನಾನು ಅತ್ತೆಯ ಜಗಲಿಯ ಮೇಲಿದ್ದೆ. ಪತ್ರಿಕೆ ಬೇಡ ಎನ್ನುವವರು ಹೆಚ್ಚಾಗಿದ್ದಾರೆ, ಎರಡು ಸಾಲು ಕ್ಷಮೆ ಬರೆದುಕೊಟ್ಟರೆ ಅಂಕಣ ಉಳಿಯುತ್ತದೆ ಎಂದು ಮೆಲ್ಲಗೆ ಹೇಳಿದರು.

"ಶ್ರುತಿ ತಪ್ಪಿದ್ದು ಅವ್ಳು, ಕ್ಷಮೆ ಕೇಳೋದು ನಾನಾ?"

"ಅಂಕಣ ನಿಲ್ಸಬೇಕಾಗುತ್ತೆ ಅತ್ತೆ."

"ನಿಲ್ಸಪ್ಪಾ. ಕಾಫಿ ಕುಡ್ಕೊಂಡು ಹೋಗು."

ಅಂಕಣ ನಿಂತಿತು. ಅತ್ತೆಗೆ ಇದ್ದದ್ದು ಅದೊಂದೇ ಎಂದು ನನಗೆ ಗೊತ್ತಿತ್ತು... ಮುಂದಿನ ಸೋಮವಾರ ಡೈರಿಗೆ ಬಂದವರು ಹಾಲು ಅಳೆಸಿ, ಪಶು ಆಹಾರದ ದರ ಬರೆಯುವ ಕರಿಹಲಗೆಯನ್ನು ದಿಟ್ಟಿಸಿದರು. "ಲೇ, ಕೆಳಗಡೆ ಅರ್ಧ ಖಾಲಿ ಐತಲ್ಲೋ?" ಸೀಮೆಸುಣ್ಣ ನಾನೇ ಕೊಟ್ಟೆ. ಹಿಂಡಿಯ ದರದ ಕೆಳಗೆ ಆ ವಾರದ ವಿಮರ್ಶೆ ಬಂತು! ಯಾರೋ ಅದರ ಮೇಲೆ ಸಗಣಿ ಎರಚಿದರು. ಅತ್ತೆ ತೊಳೆದು ಮತ್ತೆ ಬರೆದರು. ನಮ್ಮ ಡೈರಿಯ ಅಧ್ಯಕ್ಷರು, "ಮೇವಿನ ವಿಷ್ಯ ಬರೆಯೋ ಜಾಗ ಅತ್ತೆ ಅದು" ಎಂದರೆ, "ಮೇಲಿರೋದು ಹಸೂಗೆ, ಕೆಳಗಿರೋದು ನಿಂಗೆ" ಎಂದುಬಿಟ್ಟರು. ಬೈಯುತ್ತಲೇ ಜನ ಓದತೊಡಗಿದರು. ವಕ್ಕಲೇರಿಯಿಂದ ನೆಂಟರ ಮನೆಗೆ ಬಂದವರೂ ಹಲಗೆ ಓದಿಕೊಂಡೇ ಹೋಗುತ್ತಿದ್ದರು.

ಅಷ್ಟರಲ್ಲಿ ಆ ಹುಡುಗಿ ಸ್ಪರ್ಧೆಯಲ್ಲಿ ಸೋತಳು. ವೋಟು ಒತ್ತಿದವರು ಅವಳನ್ನು ಎಷ್ಟು ಬೇಗ ಮರೆತರೆಂದರೆ... ಹೋಗಲಿ ಬಿಡಿ. ಒಂದು ಮಧ್ಯಾಹ್ನ ಅವಳು ಅಪ್ಪನ ಬೈಕಿನ ಹಿಂದೆ ಕೂತು ಅತ್ತೆಯ ಮನೆಗೇ ಬಂದಳು. ಗಲಾಟೆಯಾದೀತೆಂದು ನಾನೂ ಓಡಿದೆ.

"ನಮ್ಮಪ್ಪ ಅತ್ತಿದ್ದು ಸುಳ್ಳಾ?" ಎಂದು ಬಾಗಿಲಲ್ಲೇ ಕೇಳಿದಳು.

"ನಿಜ ಕಣಮ್ಮ. ಅದನ್ನ ಟೀವಿಯೋರು ಮಾರ್ಕೊಂಡ್ರಲ್ಲ, ಅದಕ್ಕೇ ನಂಗೆ ಹೊಟ್ಟೆ ಉರಿದಿದ್ದು. ಬಾ, ಕೂತ್ಕೋ. ಅದೇ ಹಾಡು ಹಾಡು, ಇಲ್ಲಿ ಯಾರೂ ಅಳ್ಸಲ್ಲ."

ಅತ್ತೆ ಕುರ್ಚಿ ತಿರುಗಿಸಿದರು. ಹುಡುಗಿ ಹಾಡಿದಳು. ನನಗಂತೂ ಮೈ ಜುಮ್ಮೆಂದಿತು. ಅತ್ತೆ ಮಾತ್ರ, "ಮೇಲಿನ ಸ್ವರದಲ್ಲಿ ಇನ್ನೂ ಜಾರ್ತೀಯ. ಮುಂದಿನ ವಾರ ಬಾ" ಎಂದರು. ಅವಳು ಬಂದಳು. ಎಷ್ಟೋ ವಾರ ಬಂದಳು.

ಹೋದ ವರ್ಷ ಅತ್ತೆ ತೀರಿಕೊಂಡರು. ಮೊನ್ನೆಯ ಸ್ಪರ್ಧೆಯಲ್ಲೂ ಯಾರದೋ ತಾಯಿಯನ್ನು ವೇದಿಕೆಗೆ ಕರೆಸಿದ್ದರು. ನಮ್ಮ ಪಡಸಾಲೆಯಲ್ಲಿ ಎಲ್ಲರೂ ಅತ್ತರು. ಹಾಗೆ ಅಳಿಸಿ ಹಾಡಿಸುವುದು ತಪ್ಪು ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಆದರೆ ಹಾಡಿನಲ್ಲಿ ಶ್ರುತಿ ಎಲ್ಲಿ ತಪ್ಪಿತು ಎಂದು ತೋರಿಸುವ ಕಿವಿ ನನಗೆಲ್ಲಿಂದ ಬರಬೇಕು?

ಅತ್ತೆ ಹೋದ ಕೆಲವು ತಿಂಗಳಿಗೆ ಸಂಪಾದಕರು ಅವರ ಬರಹಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಲು ಹೊರಟರು. ಈಗ ಶ್ರೀನಿವಾಸಪುರದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿರುವ ಆ ಹುಡುಗಿಯೇ ಬಿಡುಗಡೆ ಮಾಡಲಿ ಎಂದು, ನನ್ನೆದುರಿಗೇ ಅವಳಿಗೆ ಫೋನು ಮಾಡಿದರು.

"ನನ್ ಬಗ್ಗೆ ಬರೆದಿದ್ದು ಅದ್ರಲ್ಲಿ ಇದ್ಯಾ ಸಾರ್?"

"ಇಲ್ಲಮ್ಮ, ನಿಮಗೆ ಬೇಜಾರಾಗುತ್ತೆ ಅಂತ ಅದೊಂದನ್ನ ಬಿಟ್ಟೇ ಅಚ್ಚು ಹಾಕ್ಸಿದ್ವಿ."

"ಹಂಗಾದ್ರೆ ನಾನ್ ಬರಲ್ಲ ಸಾರ್" ಎಂದಳು ಹುಡುಗಿ.

ಆ ಬಿಡುಗಡೆಯ ಸಭೆ ನಡೆಯಲಿಲ್ಲ.