ಮೇಷ್ಟ್ರು ಕಟ್ಟದೆ ಬಿಟ್ಟ ಬಾಟಲಿ

ಪೆಟ್ರೋಲಿಗೆ ಎಷ್ಟು ಗಾಳಿ ಬೆರೆತರೆ ಎಂಜಿನ್ನು ಸಮಾಧಾನದಿಂದ ಓಡುತ್ತದೆ ಎಂಬುದನ್ನು ಪುಸ್ತಕ ನೋಡಿ ಹೇಳುವವರು ನಮ್ಮ ಕಾರ್ಯಾಗಾರದಲ್ಲಿ ಹಲವರಿದ್ದಾರೆ. ಬಾನೆಟ್ಟಿನ ಮೇಲೆ ಕಿವಿಯಿಟ್ಟು ಹೇಳಬಲ್ಲವರು ಒಬ್ಬರೇ ಇದ್ದರು, ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಹೊಸ ವಾಹನಗಳಿಂದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಎಂಬ ಉಪಕರಣವೇ ಮಾಯವಾಗಿ, ಅದನ್ನು ಬಲ್ಲವರು ಬೆರಳೆಣಿಕೆಯಷ್ಟಾಗಿರುವ ಈ ಕಾಲದಲ್ಲಿ, ಆ ವಿದ್ಯೆಯ ಹಿರಿಯರೆಂದು ದೂರದೂರದ ಹಳೆಯ ಕಾರುಗಳ ಒಡೆಯರು ಅರಸಿಕೊಂಡು ಬರುತ್ತಿದ್ದುದು ಇವರನ್ನೇ. ಕಲಿಯಲು ಬಂದವರು ಮೊದಲ ದಿನದಿಂದ ಕರೆದದ್ದು ಮೇಷ್ಟ್ರೇ ಎಂದು. ಕಡೆಗೆ ಆಡಳಿತ ಕಚೇರಿಯೂ ಹಾಗೆಯೇ ಕರೆಯತೊಡಗಿತು. ಇಂಥ ಅಭಿನಂದನ ಸಂಪುಟಗಳಲ್ಲಿ ಮೊಸರಿನಲ್ಲಿ ಕಲ್ಲು ಹುಡುಕಬಾರದೆಂಬುದು ವಾಡಿಕೆ. ಆದರೆ ಕಲ್ಲಿದೆ ಎಂದು ಸ್ವತಃ ಮೇಷ್ಟ್ರೇ ನಮ್ಮ ಸಂಪಾದಕ ಸಮಿತಿಯ ಮುಂದೆ ಕುಳಿತು ಹೇಳಿದ್ದಾರೆ. ಅದನ್ನು ಅಚ್ಚು ಹಾಕಿಸದಿದ್ದರೆ ಬೀಳ್ಕೊಡುಗೆ ಸಮಾರಂಭಕ್ಕೆ ಬರುವುದಿಲ್ಲವೆಂದೂ ಹೇಳಿದ್ದಾರೆ. ಆದ್ದರಿಂದ ಈ ಲೇಖನ.

ಮೇಷ್ಟ್ರನ್ನು ಈ ಕಸುಬಿಗೆ ಕರೆತಂದವರು ಅವರ ಅಕ್ಕನ ಗಂಡ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಅಕ್ಕನೇ ಸಾಕಿದ್ದರು; ಮದುವೆಯಾಗಿ ಹೋಗುವಾಗ ಬೆನ್ನಿಗೆ ಕಟ್ಟಿಕೊಂಡೇ ಹೋದರು. ಭಾವ ನಮ್ಮ ಸಂಸ್ಥಾಪಕರ ಕಾರಿನ ಚಾಲಕರು. ಮುಂದೆ ಉದ್ದನೆಯ ಮೂತಿ, ಹಿಂದೆ ದುಂಡನೆಯ ಬೆನ್ನು ಇರುವ ಆ ಹಳೆಯ ಕಾರನ್ನು, ಸಂಸ್ಥಾಪಕರು ಕಾಲವಾದ ಮೇಲೂ, ಅತಿಥಿಗಳನ್ನು ಕರೆತರಲೆಂದು ಸಂಸ್ಥೆ ಇಟ್ಟುಕೊಂಡಿತ್ತು. ಓದು ತಲೆಗೆ ಹತ್ತದೆ ಬೀದಿ ಅಳೆಯುತ್ತಿದ್ದ ಭಾವಮೈದುನನನ್ನು ಅದೇ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದು, ಅಂದಿನ ಫೋರ್‌ಮನ್ನರ ಮುಂದೆ ನಿಲ್ಲಿಸಿ, "ಇವನಿಗೆ ಪುಸ್ತಕ ಹಿಡಿಸಲ್ಲ ಸಾರ್, ಸ್ಪ್ಯಾನರ್ ಕೊಟ್ಟು ನೋಡಿ" ಎಂದವರು ಭಾವ. ಮೇಷ್ಟ್ರ ವಿದ್ಯೆಯ ಬಗ್ಗೆ ಈ ಸಂಪುಟದಲ್ಲಿ ಯಾರು ಏನೇ ಹೊಗಳಲಿ, ಅದರಲ್ಲಿ ಆ ಒಂದು ಮಾತಿನ ಪಾಲಿದೆ.

ಮೇಷ್ಟ್ರಿಂದ ಉಪಕಾರ ಪಡೆಯದ ಶಿಷ್ಯರಿಲ್ಲ. ಕಿವಿ ಮಂದವಾಗಿದ್ದ ಒಬ್ಬ ಶಿಷ್ಯನನ್ನು ಉಳಿದವರು ಕೈಬಿಟ್ಟಾಗ, ಅವನ ಅಂಗೈಯನ್ನು ಎಂಜಿನ್ನಿನ ಮೇಲೆ ಒತ್ತಿಹಿಡಿದು, ನಡುಕದಲ್ಲೇ ಶ್ರುತಿ ಗುರುತಿಸುವುದನ್ನು ಒಂದು ಚಳಿಗಾಲವಿಡೀ ಕಲಿಸಿದರು. ಆತ ಇಂದು ಸ್ವಂತ ಗ್ಯಾರೇಜು ನಡೆಸುತ್ತಿದ್ದಾನೆ. ಇನ್ನೊಬ್ಬ ಕಾರ್ಬುರೇಟರಿನಲ್ಲಿ ಪೆಟ್ರೋಲು ಚಿಮ್ಮಿಸುವ ಜೆಟ್ಟಿನ ಸಣ್ಣ ತೂತಿಗೆ ತಂತಿ ತುರುಕಿ ಅದನ್ನು ಕೆಡಿಸಿದಾಗ, "ಮಾಡಿದ್ದು ನಾನೇ" ಎಂದು ಮೇಲಿನವರ ಬೈಗುಳವನ್ನು ತಾವೇ ಉಂಡರು. ಊರ ಮಕ್ಕಳ ತಪ್ಪನ್ನೆಲ್ಲ ತಮ್ಮ ತಲೆಗೆ ಕಟ್ಟಿಕೊಂಡ ಮನುಷ್ಯ, ಮನೆಯವರ ವಿಷಯದಲ್ಲಿ ಮಾತ್ರ ತಕ್ಕಡಿ ಹಿಡಿದು ಕೂತರು.

ಆ ಹಳೆಯ ಕಾರು ಪೆಟ್ರೋಲು ಕುಡಿಯತೊಡಗಿದ್ದು ಪಕ್ಕದ ಬೆಂಚಿನವರು ಅದರ ಗೇರ್‌ಬಾಕ್ಸು ಬಿಚ್ಚಿ ಜೋಡಿಸಿದ ಮೇಲೆ. ಓಡಿದ ದೂರಕ್ಕೂ ಹಾಕಿಸಿದ ಪೆಟ್ರೋಲಿಗೂ ತಾಳೆಯಾಗುತ್ತಿಲ್ಲವೆಂದು ಕಚೇರಿಯಿಂದ ಕೂಗು ಬಂತು. ಕಾರು ಮೇಷ್ಟ್ರ ಬೆಂಚಿನ ಮುಂದೆ ನಿಂತಿತು. ಅವರು ಕಾರ್ಬುರೇಟರನ್ನು ಬಿಚ್ಚಿ ತೊಳೆದರು, ಫ್ಲೋಟಿನ ಮಟ್ಟ ನೋಡಿದರು, ಚೋಕು ಪೂರ್ತಿ ತೆರೆಯುತ್ತಿದೆಯೇ ಎಂದು ಬೆರಳಾಡಿಸಿದರು, ಗಾಳಿಯ ಫಿಲ್ಟರು ಬದಲಿಸಿದರು, ಪೈಪು ಎಲ್ಲಾದರೂ ಒಸರುತ್ತಿದೆಯೇ ಎಂದು ಕಾರಿನಡಿ ಮಲಗಿ ಮೂಸಿದರು, ಚಕ್ರಗಳಿಗೆ ಬ್ರೇಕು ಕಚ್ಚಿಕೊಂಡಿದೆಯೇ ಎಂದು ಒಂದೊಂದನ್ನೂ ತಿರುಗಿಸಿದರು. ಪೆಟ್ರೋಲು ಹೆಚ್ಚಾದರೆ ಪ್ಲಗ್ಗು ಮಸಿಯಾಗುತ್ತದೆ, ಕಡಿಮೆಯಾದರೆ ಬಿಳಚಿಕೊಳ್ಳುತ್ತದೆ. ಇಲ್ಲಿ ನಾಲ್ಕೂ ಪ್ಲಗ್ಗುಗಳು ಹದವಾಗಿ ಹುರಿದ ಕಾಫಿ ಬೀಜದ ಬಣ್ಣದಲ್ಲಿದ್ದವು. ಕಾರು ಸ್ವಸ್ಥವಾಗಿದೆ ಎಂದರು ಮೇಷ್ಟ್ರು. ಕಾರು ನಿಜಕ್ಕೂ ಸ್ವಸ್ಥವಾಗಿತ್ತು, ವಿಪತ್ತೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ಗೇರ್‌ಬಾಕ್ಸಿನ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ಅವರವರ ಬೆಂಚು ಅವರವರಿಗೆ ಎಂಬುದು ನಮ್ಮ ಕಾರ್ಯಾಗಾರದ ಹಳೆಯ ಮರ್ಯಾದೆ. ಪಕ್ಕದವನ ಕೆಲಸದಲ್ಲಿ ತಲೆ ಹಾಕುವುದೆಂದರೆ ಅವನ ಊಟದ ಡಬ್ಬಿಗೆ ಕೈ ಹಾಕಿದಂತೆ. ಈ ಮರ್ಯಾದೆಯನ್ನು ನಾವೆಲ್ಲ ಸಂಸ್ಕೃತಿ ಎಂದು ಕರೆದುಕೊಂಡಿದ್ದೆವು.

ಕಾರು ಕುಡಿಯುತ್ತಿಲ್ಲವೆಂದರೆ ಯಾರೋ ಕದಿಯುತ್ತಿದ್ದಾರೆ ಎಂದಾಯಿತು. ಟ್ಯಾಂಕಿನ ಬೀಗದ ಕೈ ಇದ್ದದ್ದು ಭಾವನ ಜೇಬಿನಲ್ಲಿ. ಆಗ ಭಾವ ಬೆಂಚಿನ ಬಳಿ ಬಂದು ಒಂದೇ ಒಂದು ವಿಷಯ ಕೇಳಿಕೊಂಡರು. "ನಿನ್ನ ಕಿವಿ ಮೇಲೆ ನನಗೆ ಅನುಮಾನ ಇಲ್ಲಪ್ಪ. ಆದ್ರೂ ಒಂದ್ಸಲ ಬಾಟಲಿ ಕಟ್ಟಿ ಓಡಿಸಿ ನೋಡೋಣ. ನೀನೇ ಪಕ್ಕದಲ್ಲಿ ಕೂತ್ಕೋ."

ಟ್ಯಾಂಕಿನ ಸಂಪರ್ಕ ತಪ್ಪಿಸಿ, ಅಳೆದ ಒಂದು ಲೀಟರ್ ಪೆಟ್ರೋಲಿನ ಬಾಟಲಿಯನ್ನು ನೇರ ಕಾರ್ಬುರೇಟರಿಗೆ ಜೋಡಿಸಿ, ಅದು ಬರಿದಾಗುವವರೆಗೆ ಎಷ್ಟು ದೂರ ಓಡುತ್ತದೆಂದು ನೋಡುವುದು ಒಂದು ಬೆಳಗಿನ ಕೆಲಸ. ಮೇಷ್ಟ್ರು ಅದನ್ನು ತಮ್ಮ ವಿದ್ಯೆಗೆ ಮಾಡಿದ ಅವಮಾನವೆಂದು ತಿಳಿದರು.

"ಬಾಟಲಿ ಕಟ್ಟೋದೆಲ್ಲ ಕಲಿಯೋರ ಕೆಲಸ ಭಾವ. ನನಗೆ ಪ್ಲಗ್ ನೋಡಿದ್ರೆ ಸಾಕು."

ವಿಚಾರಣೆಯ ದಿನ ಆಡಳಿತಾಧಿಕಾರಿಗಳು ಮೇಷ್ಟ್ರನ್ನು ಕರೆಸಿ, ಕಾರಿನಲ್ಲಿ ದೋಷವಿದೆಯೇ ಎಂದು ಕೇಳಿದರು. ಕಿಟಕಿಯ ಪಕ್ಕದ ಬೆಂಚಿನಲ್ಲಿ ಭಾವ ತಮ್ಮ ಚಾಲಕನ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕುಳಿತಿದ್ದರು. ನನಗೆ ಗೊತ್ತಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಗೊತ್ತಿಲ್ಲ ಎಂಬ ಮಾತನ್ನು ಮೇಷ್ಟ್ರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. "ಕಾರಿನಲ್ಲಿ ಯಾವ ದೋಷವೂ ಇಲ್ಲ ಸಾರ್" ಎಂದರು. ಭಾವ ಟೋಪಿಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದರು. ಕಳ್ಳನೆಂಬ ಹೆಸರು ಹೊತ್ತ ಚಾಲಕನ ಕೈಗೆ ಸ್ಟಿಯರಿಂಗು ಕೊಡುವವರು ಊರಿನಲ್ಲಿ ಯಾರಿದ್ದಾರೆ? ದುಡಿಮೆಯ ಉಳಿದ ವರ್ಷಗಳನ್ನು ಅವರು ಒಂದು ಗೋದಾಮಿನಲ್ಲಿ ಕೈಗಾಡಿ ತಳ್ಳಿ ಕಳೆದರು. ಅಕ್ಕ ತಮ್ಮನ ಮನೆಗೆ ಕಾಲಿಡುವುದನ್ನು ನಿಲ್ಲಿಸಿದರು. ಇತ್ತ ನಮ್ಮಲ್ಲಿ, ಅಕ್ಕನ ಗಂಡನೆಂದೂ ನೋಡದ ನಿಷ್ಪಕ್ಷಪಾತಿ ಎಂದು ಮೇಷ್ಟ್ರನ್ನು ಸಭೆಯಲ್ಲಿ ಕೊಂಡಾಡಿ ವಿಭಾಗದ ಮುಖ್ಯಸ್ಥರನ್ನಾಗಿ ಮಾಡಲಾಯಿತು. ನಾವೆಲ್ಲ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆವು.

ಭಾವ ಕೆಲಸ ಬಿಟ್ಟ ಮೇಲೂ ಲೆಕ್ಕದಲ್ಲಿ ಕಾರು ಅಷ್ಟೇ ಕುಡಿಯುತ್ತಿತ್ತು. ಕಚೇರಿಗೆ ಅದು ಕಾಣಲಿಲ್ಲ. ಕಳ್ಳ ಸಿಕ್ಕ ಮೇಲೆ ಕಳವಿನ ಲೆಕ್ಕ ನೋಡುವವರು ಯಾರು? ಕಾರನ್ನು ಹೊರಗೆ ತೆಗೆಯುವುದೇ ಅಪರೂಪವಾಯಿತು. ಎಷ್ಟೋ ವರ್ಷಗಳ ಮೇಲೆ, ಪಕ್ಕದ ಊರಿನ ಹಳೆಯ ಕಾರುಗಳ ಮೆರವಣಿಗೆಗೆ ಅದನ್ನು ಒಯ್ಯುವಾಗ, ಮೇಷ್ಟ್ರು ಹಿಂದಿನ ವ್ಯಾನಿನಲ್ಲಿದ್ದರು. ಊರು ತಲುಪಿದಾಗ ವ್ಯಾನಿನ ಮೀಟರು ನಲವತ್ತು ಕಿಲೋಮೀಟರು ಎಂದಿತು, ಕಾರಿನ ಮೀಟರು ಮೂವತ್ತು ಎಂದಿತು. ಎರಡೂ ಹೊರಟದ್ದು ಒಂದೇ ಗೇಟಿನಿಂದ. ಮೇಷ್ಟ್ರು ಮೆರವಣಿಗೆ ನೋಡಲಿಲ್ಲ. ಕಾರಿನ ಬಾಗಿಲ ಕೆಳಗಿನ ಮೆಟ್ಟಿಲ ಮೇಲೆ ಕುಳಿತೇ ಇದ್ದರು.

ಹಿಂತಿರುಗಿ ಬಂದು, ಮೊದಲ ಬಾರಿಗೆ ಪಕ್ಕದ ಬೆಂಚಿನ ಕೆಲಸಕ್ಕೆ ಕೈ ಹಾಕಿದರು. ಮೀಟರಿನ ಕೇಬಲ್ಲನ್ನು ತಿರುಗಿಸುವ ಹಲ್ಲಿನ ಗಾಲಿಯೊಂದು ಗೇರ್‌ಬಾಕ್ಸಿನಲ್ಲಿರುತ್ತದೆ. ಹಳೆಯದು ಸವೆದಿದ್ದಾಗ, ಆ ಬೆಂಚಿನವರು ಕೈಗೆ ಸಿಕ್ಕ ಬೇರೆ ಮಾದರಿಯ ಗಾಲಿಯನ್ನು ಹಾಕಿ ಮುಚ್ಚಿದ್ದರು. ಅಂದಿನಿಂದ ಕಾರು ನಲವತ್ತು ಓಡಿದರೆ ಮೀಟರು ಮೂವತ್ತೇ ಎಣಿಸುತ್ತಿತ್ತು. ಪೆಟ್ರೋಲು ಒಂದು ಹನಿಯೂ ಕಳುವಾಗಿರಲಿಲ್ಲ, ಕಳೆದುಹೋಗಿದ್ದು ದೂರ. ಆ ಗಾಲಿಯನ್ನು ಬದಲಿಸುವ ಮೊದಲು ಮೇಷ್ಟ್ರು ಬಾಟಲಿ ಕಟ್ಟಿದರು. ಟ್ಯಾಂಕಿನ ಗೊಡವೆಯೇ ಇಲ್ಲದ ಆ ಒಂದು ಲೀಟರಿಗೂ ಕಾರಿನ ಮೀಟರು ತೋರಿಸಿದ್ದು, ಭಾವನನ್ನು ಕಳ್ಳನನ್ನಾಗಿಸಿದ ಅದೇ ಮೈಲೇಜು.

ಅವರು ಆಡಳಿತಾಧಿಕಾರಿಗಳ ಬಳಿ ಹೋಗಿ, ಭಾವ ನಿರಪರಾಧಿ ಎಂದು ಸಂಸ್ಥೆ ಬಾಯಿಬಿಟ್ಟು ಹೇಳಬೇಕೆಂದು ಕೇಳಿದರು. "ಮುಗಿದ ವಿಷಯ ಯಾಕೆ ಕೆದಕ್ತೀರಿ ಮೇಷ್ಟ್ರೇ? ನಿಮ್ಮ ಹೆಸರೇ ಕೆಡೋದು" ಎಂಬ ಉತ್ತರ ಬಂತು. ಕೇಳಿದಷ್ಟು ಸಲವೂ ಅದೇ ಉತ್ತರ. ಅದೇ ಅಧಿಕಾರಿಗಳು ಈ ಸಂಪುಟಕ್ಕೆ ಮುನ್ನುಡಿ ಬರೆದಿದ್ದಾರೆ. ಮೇಷ್ಟ್ರ ನಿಷ್ಪಕ್ಷಪಾತವನ್ನು ಅದರಲ್ಲಿ ಎರಡು ಕಡೆ ಮೆಚ್ಚಿಕೊಂಡಿದ್ದಾರೆ. ಓದುಗರು ಅದನ್ನೂ ಓದಲಿ, ಇದನ್ನೂ ಓದಲಿ. ಚಾಲಕರು ಪೆಟ್ರೋಲು ಕದ್ದಿರಲಿಲ್ಲ. ಸಂಸ್ಥೆ ಹೇಳದ ಈ ಮಾತು ಇಲ್ಲಿ ಅಚ್ಚಾಗಲಿ ಎಂಬುದಷ್ಟೇ ಮೇಷ್ಟ್ರ ಬೇಡಿಕೆಯಾಗಿತ್ತು.

ಅಚ್ಚು ಹಾಕುವ ಮೊದಲು ಸಮಿತಿಯವರು ಅಕ್ಕ-ಭಾವನ ಮನೆಗೆ ಹೋಗಿ ಒಪ್ಪಿಗೆ ಕೇಳಿದರು. ಒಂದೇ ಕೋಣೆ, ಗೋಡೆಗೊರಗಿಸಿದ ಮಡಿಸುವ ಮಂಚ. ಭಾವ ಎಲ್ಲವನ್ನೂ ಕೇಳಿಸಿಕೊಂಡರು, ಹಲ್ಲಿನ ಗಾಲಿಯ ವಿವರವನ್ನು ಮಾತ್ರ ಇನ್ನೊಮ್ಮೆ ಹೇಳಿಸಿದರು.

"ಬರ್ಕೊಳ್ಳಿ, ನಂದೇನೂ ಅಡ್ಡಿ ಇಲ್ಲ" ಎಂದರು. "ನಾನು ಕದ್ದಿಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು. ಇವಳಿಗೂ ಗೊತ್ತಿತ್ತು. ಅವನಿಗೆ ಗೊತ್ತಾಗೋಕೆ ಮೀಟರ್ ಬೇಕಾಯ್ತು ನೋಡಿ."

ಹೊರಡುವ ಮುನ್ನ, ಸಂಪುಟದ ಕೊನೆಗೆ ಸೇರಿಸಲು ತಮ್ಮನಿಗೊಂದು ಹಾರೈಕೆ ಹೇಳಿ ಎಂದು ಅಕ್ಕನನ್ನು ಕೇಳಲಾಯಿತು. ಅವರು ಲೋಟಗಳನ್ನು ಒಂದರೊಳಗೊಂದು ಸೇರಿಸಿಟ್ಟರು.

"ನೂರು ವರ್ಷ ಬಾಳಲಿ ಅಂತ ಬರೀರಿ. ಎತ್ತಿ ಆಡಿಸಿದ ತಮ್ಮ, ಇನ್ನೇನು ಹೇಳಲಿ? ಕೆಲಸಾನೂ ಬಿಡದೆ ಮಾಡ್ಕೊಂಡಿರಲಿ. ನಮ್ಮನೆಗೆ ಮಾತ್ರ ಬರೋದು ಬೇಡ."

ಅಕ್ಕನ ಮಾತನ್ನು ಮೇಷ್ಟ್ರಿಗೆ ಓದಿ ಹೇಳಿದೆವು. ಕೊನೆಯ ವಾಕ್ಯವನ್ನು ಬಿಡೋಣವೇ ಎಂದು ಕೇಳಿದಾಗ, "ಬೇಡ, ಅದೂ ಇರಲಿ" ಎಂದರು. ಮೇಷ್ಟ್ರು ನೂರು ವರ್ಷ ಬಾಳಲಿ.