ಎಸೆದದ್ದನ್ನು ತೋರಿಸು

ರಷ್ಯಾದ ನಮ್ಮ ಪ್ರೊತ್ವಿನೊ ಪ್ರಯೋಗಾಲಯದಲ್ಲಿ ಯಾರು ಯಾವ ಫಲಿತಾಂಶ ತಂದರೂ ಹಿರಿಯ ವಿಜ್ಞಾನಿ ಜಿನೈದಾ ಅರ್ಕಾದ್ಯೆವ್ನಾ ಕನ್ನಡಕ ಹಣೆಗೇರಿಸಿ ಕೇಳುವುದು ಒಂದೇ: "ಇದಿರ್ಲಿ, ಎಸೆದಿದ್ದನ್ನ ತೋರ್ಸಪ್ಪ." ಕೇಯಾನ್ ಎಂಬ ಕಣ ಒಡೆದಾಗ ಪಯಾನ್, ಎಲೆಕ್ಟ್ರಾನ್ ಸಿಗುತ್ತವೆ, ನ್ಯೂಟ್ರಿನೊ ಜಾರಿಹೋಗುತ್ತದೆ, ಸಿಕ್ಕವುಗಳ ಶಕ್ತಿ ಅಳೆದು ಕೇಯಾನಿನ ಒಳ ಆಕಾರವನ್ನು ನಕ್ಷೆಯ ಮೇಲೆ ಗೆರೆಯಾಗಿ ಬಿಡಿಸುವುದು ನಮ್ಮ ಕಸುಬು. ಲಕ್ಷಗಟ್ಟಲೆ ಒಡೆತಗಳಲ್ಲಿ ಬೇರೆ ಕಣಗಳ ಕಲಬೆರಕೆ ಅನ್ನಿಸಿದ್ದನ್ನು ನಾವು ತೆಗೆದುಹಾಕುತ್ತೇವೆ, ಈಕೆ ಆ ತೆಗೆದುಹಾಕಿದ ರಾಶಿಯಲ್ಲೇ ಬಿಡಾರ ಹೂಡುತ್ತಾರೆ. ಕಾಡಿಗೆ ಅಣಬೆ ಆಯಲು ಹೋದರೂ ನಮ್ಮ ಬುಟ್ಟಿ ನೋಡುವುದಿಲ್ಲ, ಬಿಟ್ಟುಬಂದ ಅಣಬೆಗಳನ್ನು ಬಗ್ಗಿ ಬಗ್ಗಿ ನೋಡುತ್ತಾರೆ. "ನಿಮ್ಮ ಯಜಮಾನ್ರನ್ನೂ ಹಿಂಗೇ ಆರಿಸಿದ್ರಾ?" ಎಂದು ನಾವು ಕೇಳಿದರೆ, "ಹೂಂ ಮತ್ತೆ! ಮೂರು ಜನ ಬೇಡ ಅಂದಿದ್ರು, ನಾನೇ ಎತ್ಕೊಂಡು ಬಂದೆ" ಎನ್ನುತ್ತಾರೆ. ನನ್ನ ಮೊದಲ ಲೆಕ್ಕದಲ್ಲಿ ಗೆರೆ ನೆಟ್ಟಗೆ ಬರಲೆಂದು ಎರಡು ಸಾವಿರ ಒಡೆತಗಳನ್ನು ಕಲಬೆರಕೆಯೆಂದು ಕಿತ್ತುಹಾಕಿದ್ದೆ. ಅವರು ನಾಲ್ಕು ದಿನ ಕೂತು ಅವೆಲ್ಲ ಅಪ್ಪಟವೆಂದು ತೋರಿಸಿದರು. ಗೆರೆ ಬಾಗಿತು, ಆ ಬಾಗೇ ನಮ್ಮ ಶೋಧವಾಯಿತು. ಒಂದು ಮಾತೂ ಬಯ್ಯಲಿಲ್ಲ. ಪ್ರಬಂಧ ಅಚ್ಚಾಗಿ ಬಂದಾಗ ಕೊನೆಗೆ ಅವರು ಬರೆದ ಸಾಲು ಓದಿದೆ: "ಬಿಟ್ಟ ಒಡೆತಗಳನ್ನೂ ಜೋಪಾನವಾಗಿಟ್ಟ ವೆನ್ಯಾಮಿನ್‌ಗೆ ಕೃತಜ್ಞತೆಗಳು." ವೆನ್ಯಾಮಿನ್ ಎಂದರೆ ನಾನೇ. ಅವನ್ನು ಕಂಪ್ಯೂಟರಿನಿಂದ ಅಳಿಸಲು ಮರೆತಿದ್ದೆ, ಅಷ್ಟೇ, ಅದು ಅವರಿಗೂ ಗೊತ್ತಿತ್ತು.